ಒಂದೇ ಸಂಜ್ಞೆ, ಹಲವು ಮಾನ: ಜೈನ ಗಣಿತದ ಹಸ್ತಪ್ರತಿಗಳಲ್ಲಿ ಪರಿಭಾಷೆಯ ಪ್ರಶ್ನೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕೊಬ್ಬರಿಯ ವ್ಯಾಪಾರವು ಬಹುಕಾಲದಿಂದ ನಡೆದುಬಂದಿದೆ. ಇಲ್ಲಿಯ ಉಂಡೆ ಕೊಬ್ಬರಿಗೆ ಉತ್ತರ ಭಾರತದ ಪೇಟೆಗಳೇ ಮುಖ್ಯ ಗಿರಾಕಿಗಳು. ೧೯೫೬ರಲ್ಲಿ ದಶಮಾನ ತೂಕಗಳ ಕಾನೂನು ಬಂದು ಕಿಲೋಗ್ರಾಂ ಬಳಕೆಗೆ ಬರುವವರೆಗೆ ತೂಕವು ಮಣದ ಲೆಕ್ಕದಲ್ಲಿತ್ತು. ಮೈಸೂರು ಸೀಮೆಯ ಕಚ್ಚಾ ಮಣಕ್ಕೆ ನಲವತ್ತು ಸೇರು. ಉತ್ತರದ ಪಕ್ಕಾ ಮಣಕ್ಕೂ ನಲವತ್ತೇ ಸೇರು. ಆದರೆ ಕಚ್ಚಾ ಸೇರು ೨೪ ತೊಲ, ಪಕ್ಕಾ ಸೇರು ೮೦ ತೊಲ. ಆದುದರಿಂದ ಒಂದು ಮಣವು ೯೬೦ ತೊಲವಾದರೆ ಇನ್ನೊಂದು ೩೨೦೦ ತೊಲ. ಹೆಸರು ಒಂದೇ, ಸೇರುಗಳ ಸಂಖ್ಯೆಯೂ ಒಂದೇ. ತೂಕದಲ್ಲಿ ಮಾತ್ರ ಮೂರು ಪಟ್ಟಿಗೂ ಮಿಕ್ಕ ಅಂತರ. ಹೀಗಾಗಿ ಬೆಲೆ ಹೇಳುವ ಮೊದಲು ‘ಯಾವ ಮಣ?’ ಎಂದು ಕೇಳದೆ ವ್ಯಾಪಾರ ಸಾಧ್ಯವಿರಲಿಲ್ಲ.

ಖಂಡುಗವೆಂಬ ಮಾತಿನ ಸ್ಥಿತಿಯೂ ಇದೇ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬುದು ಎಲ್ಲೆಡೆಯೂ ಒಪ್ಪಿದ ಮಾತು. ಆದರೆ ಕೊಳಗಕ್ಕೆ ಎಷ್ಟು ಸೇರೆಂಬುದು ಊರಿಂದ ಊರಿಗೆ ಬೇರೆ. ಅದೇ ಖಂಡುಗವು ಅಷ್ಟು ಬೀಜ ಹಿಡಿಯುವ ಭೂಮಿಯ ಹೆಸರೂ ಆಗಿರುವುದರಿಂದ ಗದ್ದೆಯ ಖಂಡುಗ ಬೇರೆ, ಹೊಲದ ಖಂಡುಗ ಬೇರೆ. ಬಿ. ಎಲ್. ರೈಸರು ೧೯೦೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳದು. ಇಂಥ ದಾನಶಾಸನಗಳಲ್ಲಿ ಬರುವ ಖಂಡುಗ, ಕೊಳಗಗಳನ್ನು ಇಂದಿನ ಎಕರೆಗೆ ಇಳಿಸಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಇದೇ ಆಗಿದೆ.

ವ್ಯವಹಾರದಲ್ಲಿ ಎಲ್ಲರೂ ಬಲ್ಲ ಈ ಎಚ್ಚರವು ಗಣಿತಗ್ರಂಥಗಳನ್ನು ಓದುವಾಗ ಪಂಡಿತರಲ್ಲಿಯೂ ಕೆಲವೊಮ್ಮೆ ಸಡಿಲವಾಗುತ್ತದೆ. ಗಣಿತವು ನಿಶ್ಚಿತವಾದ ಶಾಸ್ತ್ರ. ಆದುದರಿಂದ ಅದರ ಸಂಜ್ಞೆಗಳೂ ನಿಶ್ಚಿತವೇ ಇರಬೇಕೆಂಬ ಭಾವನೆ ಇದಕ್ಕೆ ಕಾರಣ. ವಾಸ್ತವವಾಗಿ ಗಣಿತದ ಸಿದ್ಧಾಂತಗಳು ಎಷ್ಟು ಸ್ಥಿರವೋ ಅದರ ಹೆಸರುಗಳು ಅಷ್ಟೇ ಅಸ್ಥಿರ. ಆಚಾರ್ಯರಿಂದ ಆಚಾರ್ಯರಿಗೆ, ಅಧಿಕಾರದಿಂದ ಅಧಿಕಾರಕ್ಕೆ ಒಂದೇ ಪದದ ಮಾನವು ಬದಲಾಗುವುದನ್ನು ಜೈನ ಗಣಿತದ ಪ್ರತಿಗಳಲ್ಲಿ ಹೆಜ್ಜೆಹೆಜ್ಜೆಗೂ ಕಾಣಬಹುದು. ಹಸ್ತಪ್ರತಿಯ ಸಂಪಾದಕನಿಗೆ ಇದು ಕೇವಲ ಕುತೂಹಲದ ವಿಷಯವಲ್ಲ. ಸಂಜ್ಞೆಯನ್ನು ತಪ್ಪಾಗಿ ತಿಳಿದರೆ ಶುದ್ಧವಾದ ಪಾಠವನ್ನೇ ಅಶುದ್ಧವೆಂದು ತಿದ್ದುವ ಅಪಾಯವುಂಟು.

ಸಂಜ್ಞಾಧಿಕಾರದ ಮಹತ್ತ್ವ

ತುರುವೇಕೆರೆಗೆ ನೆರೆಯದಾದ ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ತಾಮ್ರಶಾಸನವು ಶಕ ೭೩೫ರ ಕಾಲವನ್ನು ಹೊತ್ತಿದೆ. ರಾಷ್ಟ್ರಕೂಟ ಮೂರನೆಯ ಗೋವಿಂದನು ಅರ್ಕಕೀರ್ತಿ ಮುನಿಗೆ ಮಾಡಿದ ದಾನವನ್ನು ಅದು ಹೇಳುತ್ತದೆ. ವೀರಸೇನಾಚಾರ್ಯರ ಧವಲಾ ಟೀಕೆಯು ಮುಗಿದುದು ಶಕ ೭೩೮ರಲ್ಲಿ, ಎಂದರೆ ಕ್ರಿ. ಶ. ೮೧೬ರಲ್ಲಿ. ಗೋವಿಂದನ ಮಗನಾದ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ೮೫೦ರಲ್ಲಿ, ಮಹಾವೀರಾಚಾರ್ಯರ ಗಣಿತಸಾರಸಂಗ್ರಹವು ರಚಿತವಾಯಿತು. ಒಂದೇ ರಾಜವಂಶದ ಆಶ್ರಯಕಾಲದಲ್ಲಿ, ಒಂದೇ ಧರ್ಮದ ಆಚಾರ್ಯರಿಂದ, ಅರ್ಧ ಶತಮಾನದೊಳಗೆ ಹುಟ್ಟಿದ ಈ ಎರಡು ಗ್ರಂಥಗಳ ಪರಿಭಾಷೆಯೂ ಪೂರ್ತಿಯಾಗಿ ಒಂದಲ್ಲ. ಒಂದು ಲೌಕಿಕ ಗಣಿತ, ಇನ್ನೊಂದು ಅಲೌಕಿಕ ಗಣಿತ. ಲೌಕಿಕದಲ್ಲಿ ವರ್ತಕರಿಗೆ ಬೇಕಾದ ಲೆಕ್ಕ. ಅಲೌಕಿಕದಲ್ಲಿ ಜೀವರಾಶಿ, ಲೋಕಮಾನ, ಕರ್ಮಸ್ಥಿತಿಗಳ ಲೆಕ್ಕ.

ಮಹಾವೀರಾಚಾರ್ಯರು ತಮ್ಮ ಗ್ರಂಥದ ಮೊದಲ ಅಧಿಕಾರವನ್ನೇ ಸಂಜ್ಞೆಗೆ ಮೀಸಲಿಟ್ಟರು. ಕ್ಷೇತ್ರ, ಕಾಲ, ಧಾನ್ಯ, ಸುವರ್ಣ, ರಜತ, ಲೋಹಗಳ ಪರಿಭಾಷೆಗಳನ್ನು ಹೇಳಿ, ಪರಿಕರ್ಮಗಳ ಹೆಸರು, ಅಂಕಗಳ ಸಂಜ್ಞೆ, ಸ್ಥಾನಗಳ ಸಂಜ್ಞೆಗಳನ್ನು ನಿರೂಪಿಸಿ, ಅನಂತರವೇ ಗಣಿತಕ್ಕೆ ಪ್ರವೇಶಿಸುತ್ತಾರೆ. ಇದು ಬರಿಯ ಪೀಠಿಕೆಯಲ್ಲ. ತಮ್ಮ ಗ್ರಂಥದಲ್ಲಿ ಈ ಮಾತಿಗೆ ಈ ಅರ್ಥವೆಂಬ ಒಪ್ಪಂದವದು. ಅದನ್ನು ಬಿಟ್ಟು ಮುಂದಿನ ಅಧಿಕಾರಗಳನ್ನು ಬೇರೊಂದು ಗ್ರಂಥದ ಪರಿಭಾಷೆಯಿಂದ ಓದುವುದು ಸಲ್ಲದು.

ಸ್ಥಾನಸಂಜ್ಞೆಗಳನ್ನೇ ನೋಡಬಹುದು. ಯಜುರ್ವೇದದ ಪಟ್ಟಿಯಲ್ಲಿ ಅರ್ಬುದವು ಎಂಟನೆಯ ಸ್ಥಾನ, ಎಂದರೆ ಇಂದಿನ ಕೋಟಿ. ಆರ್ಯಭಟನಲ್ಲಿಯೂ ಭಾಸ್ಕರಾಚಾರ್ಯನಲ್ಲಿಯೂ ಕೋಟಿಯು ಎಂಟನೆಯ ಸ್ಥಾನವಾದುದರಿಂದ ಅರ್ಬುದವು ಒಂಬತ್ತನೆಯದು, ಹತ್ತು ಕೋಟಿ. ಹಿಂದೀ ಭಾಷೆಯಲ್ಲಿ ಇಂದು ಬಳಕೆಯಲ್ಲಿರುವ ಅರಬ್ ನೂರು ಕೋಟಿ. ಮಹಾವೀರಾಚಾರ್ಯರು ಕೋಟಿ, ದಶಕೋಟಿ, ಶತಕೋಟಿಗಳೆಂದು ಎಣಿಸಿ ಅನಂತರ ಅರ್ಬುದವನ್ನು ಹೇಳುವುದರಿಂದ ಅವರಲ್ಲಿ ಅದು ಹನ್ನೊಂದನೆಯ ಸ್ಥಾನ, ಸಾವಿರ ಕೋಟಿ. ಹೀಗೆ ಒಂದೇ ಪದಕ್ಕೆ ಒಂದು, ಹತ್ತು, ನೂರು, ಸಾವಿರ ಕೋಟಿಗಳೆಂಬ ನಾಲ್ಕು ಬೆಲೆಗಳು ಸಿದ್ಧವಾದುವು. ಖರ್ವವು ಭಾಸ್ಕರನಲ್ಲಿ ಹನ್ನೊಂದನೆಯ ಸ್ಥಾನ, ಮಹಾವೀರಾಚಾರ್ಯರಲ್ಲಿ ಹದಿಮೂರನೆಯದು. ಮಹಾಪದ್ಮವು ಭಾಸ್ಕರನಲ್ಲಿ ಹದಿಮೂರನೆಯದು, ಮಹಾವೀರಾಚಾರ್ಯರಲ್ಲಿ ಹದಿನಾರನೆಯದು. ಭಾಸ್ಕರನ ಪಟ್ಟಿಯು ಹದಿನೆಂಟನೆಯ ಸ್ಥಾನವಾದ ಪರಾರ್ಧದಲ್ಲಿ ಮುಗಿದರೆ, ಮಹಾವೀರಾಚಾರ್ಯರದು ಇಪ್ಪತ್ತನಾಲ್ಕನೆಯ ಸ್ಥಾನವಾದ ಮಹಾಕ್ಷೋಭದವರೆಗೆ ಹೋಗುತ್ತದೆ. ಲೀಲಾವತಿಯನ್ನು ಕಂಠಪಾಠ ಮಾಡಿದ ಪಂಡಿತನು ಗಣಿತಸಾರಸಂಗ್ರಹದ ಪ್ರತಿಯಲ್ಲಿ ಖರ್ವವನ್ನು ಕಂಡು ಹನ್ನೊಂದನೆಯ ಸ್ಥಾನವೆಂದು ಗ್ರಹಿಸಿದರೆ ನೂರು ಪಟ್ಟು ತಪ್ಪಾಗುತ್ತದೆ. ಲಿಪಿಕಾರನ ಮೇಲೆ ಇಲ್ಲಿ ಯಾವ ದೋಷವನ್ನೂ ಹೊರಿಸುವಂತಿಲ್ಲ.

ಅಂಕಸಂಜ್ಞೆಗಳಲ್ಲಿಯೂ ಇಂಥದೇ ಭೇದವಿದೆ. ತತ್ತ್ವವೆಂದರೆ ಜೈನರಿಗೆ ಏಳು, ಸಾಂಖ್ಯರಿಗೆ ಇಪ್ಪತ್ತೈದು. ಪದಾರ್ಥವೆಂದರೆ ಜೈನರಿಗೆ ಒಂಬತ್ತು, ವೈಶೇಷಿಕರಿಗೆ ಆರು ಅಥವಾ ಏಳು. ರತ್ನವೆಂದರೆ ರತ್ನತ್ರಯದಿಂದ ಮೂರಾಗಬಹುದು, ನವರತ್ನದಿಂದ ಒಂಬತ್ತಾಗಬಹುದು, ಚಕ್ರವರ್ತಿಯ ರತ್ನಗಳನ್ನೆಣಿಸಿದರೆ ಹದಿನಾಲ್ಕೂ ಆಗಬಹುದು. ಪ್ರತಿಯ ಕೊನೆಯಲ್ಲಿ ಲಿಪಿಕಾರನು ಶಕವರ್ಷವನ್ನು ಇಂಥ ಪದಗಳಲ್ಲಿ ಹೇಳಿದ್ದರೆ, ಮೂರು ಮತ್ತು ಒಂಬತ್ತರ ನಡುವಣ ಆಯ್ಕೆಯಿಂದ ಏಕಸ್ಥಾನದಲ್ಲಿ ಆರು ವರ್ಷ, ದಶಸ್ಥಾನದಲ್ಲಿ ಅರವತ್ತು ವರ್ಷಗಳ ವ್ಯತ್ಯಾಸ ಬೀಳುತ್ತದೆ. ಜೊತೆಯಲ್ಲಿ ಹೇಳಿದ ಸಂವತ್ಸರದ ಹೆಸರು ಆರು ವರ್ಷದ ತಪ್ಪನ್ನು ಹಿಡಿದುಕೊಡುತ್ತದೆ. ಆದರೆ ಸಂವತ್ಸರಚಕ್ರವೇ ಅರವತ್ತು ವರ್ಷದ್ದಾದುದರಿಂದ ಅರವತ್ತು ವರ್ಷದ ತಪ್ಪನ್ನು ಅದು ಹಿಡಿಯಲಾರದು. ಅಲ್ಲಿ ವಾರ, ತಿಥಿಗಳನ್ನೂ ಲೆಕ್ಕ ಹಾಕಲೇಬೇಕು.

ಸಂಕಲಿತ, ಗಚ್ಛ, ಉತ್ತರ

ಭಾಸ್ಕರನ ಗ್ರಂಥದಲ್ಲಿ ಸಂಕಲಿತವೆಂದರೆ ಕೂಡುವುದು, ವ್ಯವಕಲಿತವೆಂದರೆ ಕಳೆಯುವುದು. ಗಣಿತಸಾರಸಂಗ್ರಹದ ಎಂಟು ಪರಿಕರ್ಮಗಳು ಪ್ರತ್ಯುತ್ಪನ್ನ, ಭಾಗಹಾರ, ವರ್ಗ, ವರ್ಗಮೂಲ, ಘನ, ಘನಮೂಲ, ಸಂಕಲಿತ, ವ್ಯುತ್ಕಲಿತ. ಇಲ್ಲಿ ಸಂಕಲಿತಕ್ಕೆ ಚಿತಿಯೆಂದೂ ಹೆಸರು. ಅದು ಸಾಮಾನ್ಯ ಸಂಕಲನವಲ್ಲ, ಶ್ರೇಢಿಯ ಮೊತ್ತ. ವ್ಯುತ್ಕಲಿತವೂ ಸಾಮಾನ್ಯ ವ್ಯವಕಲನವಲ್ಲ. ಶ್ರೇಢಿಯ ಮೊದಲಿನ ಕೆಲವು ಪದಗಳನ್ನು ಬಿಟ್ಟು ಉಳಿದ ಪದಗಳ ಮೊತ್ತ. ಬರಿಯ ಕೂಡುವಿಕೆ, ಕಳೆಯುವಿಕೆಗಳನ್ನು ಆಚಾರ್ಯರು ಪರಿಕರ್ಮಗಳಲ್ಲಿ ಎಣಿಸಿಯೇ ಇಲ್ಲ.

ಉದಾಹರಣೆಗೆ ತೋಟದಲ್ಲಿ ಮೊದಲನೆಯ ದಿನ ೨ ತೆಂಗಿನ ಸಸಿ ನೆಟ್ಟು, ಪ್ರತಿದಿನವೂ ಹಿಂದಿನ ದಿನಕ್ಕಿಂತ ೩ ಹೆಚ್ಚಾಗಿ ನೆಡುತ್ತ ಹೋದರೆ ಹತ್ತನೆಯ ದಿನದ ಸಸಿಗಳು ೨೯. ಒಟ್ಟು ಸಂಕಲಿತವು ೧೫೫. ಮೊದಲ ನಾಲ್ಕು ದಿನಗಳ ಮೊತ್ತ ೨೬. ಆದುದರಿಂದ ನಾಲ್ಕನ್ನು ಇಷ್ಟವಾಗಿ ಹಿಡಿದ ವ್ಯುತ್ಕಲಿತವು ೧೨೯. ವ್ಯುತ್ಕಲಿತವನ್ನು ಬರಿಯ ಕಳೆಯುವಿಕೆಯೆಂದು ತಿಳಿದವನು ೧೫೫ರಲ್ಲಿ ೪ನ್ನು ಕಳೆದು ೧೫೧ನ್ನು ಪಡೆಯುತ್ತಾನೆ. ಪ್ರತಿಯಲ್ಲಿ ೧೨೯ ಇರುವುದನ್ನು ಕಂಡು ಅದು ಲೇಖನದೋಷವೆಂದು ಬಗೆಯುತ್ತಾನೆ.

ಈ ಶ್ರೇಢಿಯ ಅಂಗಗಳಿಗೆ ಹೆಸರುಗಳು ಒಂದೆರಡಲ್ಲ. ಮೊದಲ ಪದಕ್ಕೆ ಆದಿ, ಮುಖ, ಪ್ರಭವ. ವೃದ್ಧಿಗೆ ಚಯ, ಪ್ರಚಯ, ಉತ್ತರ. ಪದಗಳ ಸಂಖ್ಯೆಗೆ ಗಚ್ಛ, ಪದ. ಕೊನೆಯ ಪದಕ್ಕೆ ಅಂತ್ಯಧನ, ಭೂಮಿ. ಇವುಗಳಲ್ಲಿ ಒಂದೊಂದಕ್ಕೂ ಹೊರಗೆ ಬೇರೆ ಅರ್ಥವಿದೆ. ದೇಸಿಗಣ ಪುಸ್ತಕಗಚ್ಛವೆಂದು ಶಾಸನಗಳಲ್ಲಿ ಓದಿ ಅಭ್ಯಾಸವಾದವರಿಗೆ ಗಚ್ಛವೆಂದರೆ ಮುನಿಪರಂಪರೆ. ಇಂದಿನ ವಿದ್ಯಾರ್ಥಿಗೆ ಉತ್ತರವೆಂದರೆ ಲೆಕ್ಕದ ಫಲ. ಸೂತ್ರದಲ್ಲಿ ಉತ್ತರವು ೩ ಎಂದಿದ್ದರೆ ಅವನು ಲೆಕ್ಕವು ಅಲ್ಲಿಗೇ ಮುಗಿಯಿತೆಂದು ತಿಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಆದರೂ ಈ ಹೆಸರುಗಳು ನಿಷ್ಕಾರಣವಾಗಿ ಹುಟ್ಟಿದುವಲ್ಲ. ಮುಖ, ಭೂಮಿಗಳೆಂಬುವು ಕ್ಷೇತ್ರಗಣಿತದ ಮಾತುಗಳು. ಚತುರ್ಭುಜದ ಮೇಲಣ ಬಾಹು ಮುಖ, ಕೆಳಗಣದು ಭೂಮಿ. ಎರಡನ್ನೂ ಕೂಡಿ, ಅರ್ಧ ಮಾಡಿ, ಎತ್ತರದಿಂದ ಗುಣಿಸಿದರೆ ಸಮಲಂಬ ಕ್ಷೇತ್ರದ ಫಲ ದೊರೆಯುತ್ತದೆ. ಶ್ರೇಢಿಯ ಪದಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಒಂದರ ಕೆಳಗೊಂದು ಸಾಲಾಗಿ ಜೋಡಿಸಿದರೆ ಅದೇ ಆಕೃತಿಯು ಏರ್ಪಡುತ್ತದೆ. ೨ನ್ನೂ ೨೯ನ್ನೂ ಕೂಡಿ, ಅರ್ಧಿಸಿ, ೧೦ರಿಂದ ಗುಣಿಸಿದರೆ ೧೫೫. ಹೆಸರನ್ನು ಒಂದು ಪ್ರಕರಣದಿಂದ ಇನ್ನೊಂದಕ್ಕೆ ತಂದವರು ಸಾಮ್ಯವನ್ನು ಕಂಡೇ ತಂದರು. ಈ ಸಾಮ್ಯವನ್ನರಿತವನಿಗೆ ಗೊಂದಲವೇ ಬೋಧಕವಾಗುತ್ತದೆ.

ಜೀವಾ ಮತ್ತು ಕಲೆ

ಪ್ರಾಕೃತ ಗ್ರಂಥಗಳಲ್ಲಿ ‘ಜೀವಾ’ ಎಂಬ ರೂಪವು ಎರಡು ಬಗೆಯಾಗಿ ಸಾಧುವಾದುದು. ಜೀವ ಶಬ್ದದ ಪ್ರಥಮಾ ಬಹುವಚನವಾದರೆ ಆತ್ಮಗಳೆಂದರ್ಥ. ಆಕಾರಾಂತ ಸ್ತ್ರೀಲಿಂಗದ ಏಕವಚನವಾದರೆ ಬಿಲ್ಲಿನ ಹೆದೆ, ಎಂದರೆ ವೃತ್ತದ ಜ್ಯಾ. ಲೋಕವರ್ಣನೆಯ ಗ್ರಂಥಗಳಲ್ಲಿ ಜೀವರಾಶಿಯ ಪ್ರಕರಣವೂ ಜಂಬೂದ್ವೀಪದ ಪ್ರಕರಣವೂ ಹತ್ತಿರಹತ್ತಿರವೇ ಬರುವುದರಿಂದ, ಗರಿಗಳು ಹಿಂದುಮುಂದಾದ ಪ್ರತಿಯಲ್ಲಿ ಪ್ರಕರಣವನ್ನು ನಿರ್ಣಯಿಸದೆ ಈ ಪದಕ್ಕೆ ಅರ್ಥ ಹೇಳುವಂತಿಲ್ಲ.

ಪ್ರಕರಣವು ತಿಳಿದ ಮೇಲೂ ಇನ್ನೊಂದು ತೊಡಕುಂಟು. ಜ್ಯೋತಿಷಸಿದ್ಧಾಂತಗಳಲ್ಲಿ ಜ್ಯಾ ಎಂದರೆ ವಾಸ್ತವವಾಗಿ ಅರ್ಧಜ್ಯಾ. ‘ಅರ್ಧ’ವೆಂಬುದು ಬಳಕೆಯಲ್ಲಿ ಲೋಪವಾಯಿತು. ಜೈನ ಕ್ಷೇತ್ರಗಣಿತದಲ್ಲಿ ಜೀವಾ ಪೂರ್ಣಜ್ಯಾ. ಜಂಬೂದ್ವೀಪದ ವಿಷ್ಕಂಭ ಒಂದು ಲಕ್ಷ ಯೋಜನ. ಭರತಕ್ಷೇತ್ರದ ಇಷು ಅದರ ೧೯೦ನೆಯ ಭಾಗ, ೫೨೬ ಯೋಜನ ೬ ಕಲೆ. ವಿಷ್ಕಂಭದಲ್ಲಿ ಇಷುವನ್ನು ಕಳೆದು, ಉಳಿದುದನ್ನು ನಾಲ್ಮಡಿ ಇಷುವಿನಿಂದ ಗುಣಿಸಿ, ವರ್ಗಮೂಲವನ್ನು ತೆಗೆದರೆ ೧೪೪೭೧ ಯೋಜನ ೫ ಕಲೆಗೆ ಸ್ವಲ್ಪ ಹೆಚ್ಚಾದ ಜೀವಾ ದೊರೆಯುತ್ತದೆ. ಸಿದ್ಧಾಂತದ ಜ್ಯಾರ್ಥವನ್ನು ಇಲ್ಲಿಗೆ ತಂದರೆ ೭೨೩೫ ಯೋಜನ ೧೨ ಕಲೆಯಾಗಿ, ಭರತಕ್ಷೇತ್ರದ ಹೆದೆಯು ಅರ್ಧಕ್ಕೆ ಕುಗ್ಗುತ್ತದೆ.

ಈ ಪದದ ಮುಂದಿನ ಕಥೆಯು ಹಸ್ತಪ್ರತಿ ಬಲ್ಲವರು ಮರೆಯಬಾರದ್ದು. ಸಂಸ್ಕೃತದ ಜೀವಾ ಅರಬ್ಬೀ ಭಾಷೆಗೆ ‘ಜೀಬ’ ಎಂದು ಹೋಯಿತು. ಸ್ವರಚಿಹ್ನೆಗಳಿಲ್ಲದೆ ಬರೆದ ಆ ರೂಪವನ್ನು ಅನಂತರದವರು ‘ಜೈಬ್’ ಎಂದು ಓದಿದರು; ಅದಕ್ಕೆ ಉಡಿ, ಮಡಿಲು ಎಂದರ್ಥ. ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ ಅನುವಾದಕರು ಆ ಅರ್ಥವನ್ನೇ ಹಿಡಿದು ‘ಸೈನಸ್’ ಎಂದರು. ಇಂದು ಜಗತ್ತಿನ ಎಲ್ಲ ಶಾಲೆಗಳಲ್ಲಿ ಕಲಿಸುವ ಸೈನ್ ಎಂಬ ಹೆಸರು ಒಂದು ಅಪಪಾಠದ ಫಲ. ಗಣಿತಕ್ಕೆ ಅದರಿಂದ ಹಾನಿಯಾಗಲಿಲ್ಲ. ಆದರೆ ಬಿಲ್ಲು, ಹೆದೆ, ಬಾಣಗಳೆಂಬ ಸುಂದರವಾದ ಅನ್ವಯವು ಹೆಸರಿನಿಂದ ಅಳಿಸಿಹೋಯಿತು.

ಮೇಲೆ ಬಂದ ಕಲೆಯೆಂಬ ಮಾತೂ ವಿಚಾರಣೀಯವೇ. ಜಂಬೂದ್ವೀಪದ ಪ್ರಕರಣದಲ್ಲಿ ಕಲೆಯು ಯೋಜನದ ೧೯ನೆಯ ಭಾಗ. ಚಂದ್ರನ ವಿಷಯದಲ್ಲಿ ೧೬ನೆಯ ಭಾಗ. ಜ್ಯೋತಿಷದಲ್ಲಿ ಅಂಶದ ೬೦ನೆಯ ಭಾಗ. ಕಲಾಸವರ್ಣ ವ್ಯವಹಾರದಲ್ಲಿ ಭಿನ್ನರಾಶಿ ಮಾತ್ರ. ೬ ಕಲೆಯೆಂದಷ್ಟೇ ಇರುವ ಬಿಡಿ ಗರಿಯಿಂದ ಯಾವ ಮಾನವನ್ನೂ ಹೇಳಲಾಗದು.

ಐದನೆಯ ವರ್ಗವೆಂದರೇನು?

ಅಲೌಕಿಕ ಗಣಿತದಲ್ಲಿ ಅತಿ ಹೆಚ್ಚಿನ ಭ್ರಮೆಗೆ ಕಾರಣವಾಗುವುದು ವರ್ಗದ ಎಣಿಕೆ. ಆಧುನಿಕ ರೀತಿಯಲ್ಲಿ ಕಲಿತವರು ‘ಎರಡರ ಐದನೆಯ ವರ್ಗ’ವೆಂಬುದನ್ನು ಎರಡರ ಐದನೆಯ ಘಾತವೆಂದು ತಿಳಿದು ೩೨ ಎನ್ನುತ್ತಾರೆ. ಆಗಮಪರಂಪರೆಯ ರೀತಿ ಬೇರೆ. ಎರಡರ ಮೊದಲನೆಯ ವರ್ಗ ೪, ಆ ವರ್ಗದ ವರ್ಗವಾದ ೧೬ ಎರಡನೆಯದು, ಮೂರನೆಯದು ೨೫೬, ನಾಲ್ಕನೆಯದು ೬೫೫೩೬, ಐದನೆಯದು ೪,೨೯,೪೯,೬೭,೨೯೬, ಆರನೆಯದು ೧೮೪೪೬೭೪೪೦೭೩೭೦೯೫೫೧೬೧೬. ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವೆಂದು ಹೇಳುವ ಪರಂಪರೆಯಿದೆ. ಅದು ೭೯೨೨೮೧೬೨೫೧೪೨೬೪೩೩೭೫೯೩೫೪೩೯೫೦೩೩೬ ಎಂಬ ೨೯ ಅಂಕಗಳ ರಾಶಿ. ಘಾತವೆಂದು ತಿಳಿದವರಿಗೆ ೩೨ನ್ನು ೬೪ರಿಂದ ಗುಣಿಸಿದ ೨೦೪೮ ದೊರೆಯುತ್ತದೆ. ಒಂದು ಹಳ್ಳಿಯ ಜನಸಂಖ್ಯೆಗೂ ಸಾಲದ ಆ ಸಂಖ್ಯೆಯನ್ನು ಆಚಾರ್ಯರ ತಲೆಗೆ ಕಟ್ಟಿದಂತಾಗುತ್ತದೆ. ಅನುಯೋಗದ್ವಾರವು ಇದೇ ರಾಶಿಯನ್ನು ೯೬ ಬಾರಿ ಅರ್ಧಿಸಬಹುದಾದುದೆಂದು ಬೇರೊಂದು ದಾರಿಯಿಂದ ಹೇಳಿರುವುದು ಇಲ್ಲಿ ಬಲವಾದ ಸಾಕ್ಷ್ಯ. ಎರಡರ ಐದನೆಯ ವರ್ಗದ ಅರ್ಧಚ್ಛೇದ ೩೨, ಆರನೆಯದರದು ೬೪, ಕೂಡಿದರೆ ೯೬.

ಈ ದೊಡ್ಡ ರಾಶಿಗಳಿಗೆ ಪೂರ್ವಾಚಾರ್ಯರು ಚಿಕ್ಕ ಹೆಸರುಗಳನ್ನು ಕೊಟ್ಟರು. ೬೫೫೩೬ಕ್ಕೆ ಪಣ್ಣಟ್ಠೀ, ಐದನೆಯ ವರ್ಗಕ್ಕೆ ಬಾದಾಲ, ಆರನೆಯದಕ್ಕೆ ಏಕಟ್ಠೀ. ಪಣ್ಣಟ್ಠೀ ಎಂದರೆ ಅಕ್ಷರಾರ್ಥದಲ್ಲಿ ಅರವತ್ತೈದು, ಬಾದಾಲವೆಂದರೆ ನಲವತ್ತೆರಡು, ಏಕಟ್ಠೀ ಎಂದರೆ ಒಂದು ಮತ್ತು ಎಂಟು. ಪ್ರತಿಯೊಂದು ರಾಶಿಯನ್ನೂ ಅದರ ಮೊದಲ ಎರಡು ಅಂಕಗಳಿಂದ ಕರೆದಿದ್ದಾರೆ. ಇದನ್ನರಿಯದೆ ಬಾದಾಲವನ್ನು ‘ನಲವತ್ತೆರಡು’ ಎಂದು ಕನ್ನಡಿಸಿದರೆ ನಾನೂರ ಇಪ್ಪತ್ತೊಂಬತ್ತು ಕೋಟಿಯನ್ನು ಮೀರಿದ ರಾಶಿಯು ಕೈಬೆರಳುಗಳ ಎಣಿಕೆಗೆ ಇಳಿಯುತ್ತದೆ.

ಅರ್ಥಸಂದೃಷ್ಟಿಯ ಪ್ರತಿಗಳಲ್ಲಿ ಈ ಮೂರನ್ನು ೬೫, ೪೨, ೧೮ ಎಂಬ ಅಂಕಗಳ ಮುಂದೆ ಎರಡು ಅಡ್ಡಗೆರೆಗಳನ್ನಿಟ್ಟು ಸೂಚಿಸುವ ವಾಡಿಕೆಯಿದೆ. ಇಂದಿನ ಓದುಗನಿಗೆ ಅದು ಸಮತ್ವದ ಚಿಹ್ನೆಯಾಗಿ ಕಂಡು, ಬಲಭಾಗದಲ್ಲಿ ಏನೋ ಬಿಟ್ಟುಹೋಗಿದೆಯೆಂಬ ಸಂಶಯ ಹುಟ್ಟುತ್ತದೆ. ಅಲ್ಲಿ ಬಿಟ್ಟುಹೋದುದು ಏನೂ ಇಲ್ಲ. ಅದೇ ಎರಡು ಗೆರೆಗಳು ಬೇರೆಡೆಯಲ್ಲಿ ಜಗತ್ಪ್ರತರದ ಚಿಹ್ನೆಯೂ ಆಗಿವೆ. ಒಂದು ಗೆರೆ ಜಗಶ್ರೇಣಿ, ಮೂರು ಗೆರೆ ಘನಲೋಕ. ಸೂಚ್ಯಂಗುಲಕ್ಕೆ ೨, ಪ್ರತರಾಂಗುಲಕ್ಕೆ ೪, ಘನಾಂಗುಲಕ್ಕೆ ೬ ಎಂಬ ಸಂಕೇತವೂ ಇಂಥದೇ. ೨ರ ವರ್ಗ ೪ ಸರಿ. ಘನವು ೮ ಆಗಬೇಕಲ್ಲದೆ ೬ ಹೇಗೆ ಎಂದು ಕೇಳುವವರು ಸಂಕೇತವನ್ನು ಸಂಖ್ಯೆಯೆಂದು ತಿಳಿದವರು. ಇಲ್ಲಿ ೬ ಬೆಲೆಯಲ್ಲ, ಗುರುತು ಮಾತ್ರ.

ಅರ್ಧಚ್ಛೇದದ ವಿಷಯದಲ್ಲಿ ಪೂರ್ವಾಚಾರ್ಯರ ನಾಮಕರಣವು ಆಧುನಿಕರಿಗಿಂತ ಸ್ಪಷ್ಟವಾದುದು. ರಾಶಿಯನ್ನು ಎಷ್ಟು ಬಾರಿ ಅರ್ಧಿಸಬಹುದೋ ಅದು ಅರ್ಧಚ್ಛೇದ; ಮೂರರಿಂದ ಭಾಗಿಸುವುದಾದರೆ ತ್ರಿಕಚ್ಛೇದ, ನಾಲ್ಕರಿಂದಾದರೆ ಚತುರ್ಥಚ್ಛೇದ. ಆಧಾರಸಂಖ್ಯೆಯು ಹೆಸರಿನಲ್ಲಿಯೇ ಇದೆ. ಇಂದಿನ ಪುಸ್ತಕಗಳಲ್ಲಿ ಲಾಗ್ ಎಂದಷ್ಟೇ ಬರೆದರೆ ಆಧಾರವು ಹತ್ತೋ, ಎರಡೋ, ಸಹಜ ಆಧಾರವೋ ಎಂಬುದನ್ನು ಪುಸ್ತಕದ ವಿಷಯದಿಂದ ಊಹಿಸಬೇಕಾಗಿದೆ.

ಅನಂತದ ಪ್ರಕರಣದಲ್ಲಿಯೂ ಸಂಜ್ಞೆಯ ಎಚ್ಚರ ಬೇಕು. ಅಸಂಖ್ಯಾತವು ಪರೀತ, ಯುಕ್ತ, ಅಸಂಖ್ಯಾತಾಸಂಖ್ಯಾತ ಎಂದು ಮೂರು ಬಗೆ. ಮೂರನೆಯ ಪ್ರಭೇದದಲ್ಲಿ ಮೂಲದ ಹೆಸರೇ ಇಮ್ಮಡಿಸಿದೆ. ಲಿಪಿಕಾರನು ಅದನ್ನು ದ್ವಿರುಕ್ತಿಯೆಂದು ತಿಳಿದು ಒಂದನ್ನು ಬಿಟ್ಟರೆ ಪ್ರಭೇದವೇ ಮರೆಯಾಗಿ ಸಾಮಾನ್ಯವು ಉಳಿಯುತ್ತದೆ. ಜಘನ್ಯ, ಮಧ್ಯಮ, ಉತ್ಕೃಷ್ಟಗಳಿಂದ ಸಂಖ್ಯಾತ ೩, ಅಸಂಖ್ಯಾತ ೯, ಅನಂತ ೯ ಸೇರಿ ದಿಗಂಬರ ಪರಂಪರೆಯಲ್ಲಿ ೨೧ ಭೇದಗಳು. ಅನುಯೋಗದ್ವಾರವು ಉತ್ಕೃಷ್ಟ ಅನಂತಾನಂತವನ್ನು ಒಪ್ಪದಿರುವುದರಿಂದ ಅಲ್ಲಿ ೨೦. ಸಂಖ್ಯೆಯ ಈ ಭೇದವು ಸಿದ್ಧಾಂತಭೇದವೇ ಹೊರತು ಪಾಠದೋಷವಲ್ಲ.

ಪದಚ್ಛೇದದ ಪ್ರಶ್ನೆ

ಸ್ಥಾನಾಂಗದ ಹತ್ತನೆಯ ಸ್ಥಾನದಲ್ಲಿ ಗಣಿತದ ಹತ್ತು ವಿಷಯಗಳನ್ನು ಎಣಿಸಿದ ಗಾಥೆಯಿದೆ. ಪರಿಕರ್ಮ, ವ್ಯವಹಾರ, ರಜ್ಜು, ರಾಶಿ, ಕಲಾಸವರ್ಣ, ಯಾವತ್ತಾವತ್, ವರ್ಗ, ಘನ, ವರ್ಗವರ್ಗಗಳಾದ ಮೇಲೆ ಬರುವ ಹತ್ತನೆಯ ಹೆಸರನ್ನು ‘ವಿಕಪ್ಪೋ’ ಎಂದು ಒಂದು ಪದವಾಗಿ ಓದಬಹುದು. ‘ವಿ’ ಎಂಬ ಅವ್ಯಯವನ್ನು ಬೇರ್ಪಡಿಸಿ ‘ಕಪ್ಪೋ’ ಎಂದೂ ಓದಬಹುದು. ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರ ಅಭಯದೇವಸೂರಿಗಳು ಕಲ್ಪವೆಂದು ಹಿಡಿದು, ಗರಗಸದಿಂದ ಮರ ಕೊಯ್ಯುವ ಕ್ರಕಚ ಗಣಿತವೆಂದರು. ೧೯೨೯ರಲ್ಲಿ ಜೈನ ಗಣಿತವನ್ನು ಕುರಿತು ಬರೆದ ಬಿಭೂತಿಭೂಷಣ ದತ್ತರು ವಿಕಲ್ಪವೆಂದು ಹಿಡಿದು, ಭಂಗಗಣಿತ, ಎಂದರೆ ಜೋಡಣೆಗಳ ಎಣಿಕೆ ಎಂದರು. ಪದಗಳ ನಡುವೆ ತೆರಪಿಲ್ಲದೆ ಬರೆಯುವ ಓಲೆಗರಿಯಲ್ಲಿ ಎರಡಕ್ಕೂ ಅವಕಾಶವಿದೆ. ಒಂದು ಅಕ್ಷರವನ್ನು ಹಿಂದಿನ ಪದಕ್ಕೆ ಸೇರಿಸುವುದೋ ಮುಂದಿನದಕ್ಕೋ ಎಂಬುದರ ಮೇಲೆ ಗಣಿತದ ಒಂದು ಶಾಖೆಯ ಪ್ರಾಚೀನತೆಯೇ ನಿಂತಿದೆ. ಇದೇ ಪಟ್ಟಿಯ ರಜ್ಜುವು ಅಳೆಯುವ ಹಗ್ಗದಿಂದ ಬಂದು ಕ್ಷೇತ್ರಗಣಿತದ ಹೆಸರಾಗಿದೆ. ಲೋಕಮಾನದಲ್ಲಿ ಅದೇ ರಜ್ಜು ಜಗಶ್ರೇಣಿಯ ಏಳನೆಯ ಭಾಗ.

ಆಧುನಿಕ ಗಣಿತದ ಸ್ಥಿತಿ

ಈ ತೊಡಕುಗಳನ್ನು ಕಂಡು ಪ್ರಾಚೀನ ಗಣಿತವು ಅವ್ಯವಸ್ಥಿತವೆಂದು ಹೇಳುವವರುಂಟು. ಇಂದಿನ ಉನ್ನತ ಗಣಿತವೂ ಈ ದೋಷದಿಂದ ಮುಕ್ತವಲ್ಲ. ನಾರ್ಮಲ್ ಎಂಬ ಒಂದೇ ವಿಶೇಷಣವು ರೇಖೆಗೆ, ಉಪಗಣಕ್ಕೆ, ಮಾತೃಕೆಗೆ, ಸಂಖ್ಯೆಗೆ, ಸಂಭಾವ್ಯತೆಯ ವಿತರಣೆಗೆ ಬೇರೆ ಬೇರೆ ಅರ್ಥಗಳಲ್ಲಿ ಅಂಟಿಕೊಂಡಿದೆ. ಸೈನ್ ಸಂಕೇತದ ಮೇಲೆ ೨ನ್ನು ಬರೆದರೆ ಅದರ ವರ್ಗ. ಅಲ್ಲಿಯೇ ಋಣ ೧ನ್ನು ಬರೆದರೆ ವ್ಯುತ್ಕ್ರಮವಾಗದೆ ವಿಲೋಮ ಫಲನವಾಗುತ್ತದೆ. ಸ್ವಾಭಾವಿಕ ಸಂಖ್ಯೆಗಳಲ್ಲಿ ಸೊನ್ನೆಯನ್ನು ಕೆಲವರು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಬಿಲಿಯನ್ ಎಂಬುದು ಅಮೆರಿಕದಲ್ಲಿ ನೂರು ಕೋಟಿಯಾಗಿದ್ದಾಗ ಬ್ರಿಟನ್ನಿನಲ್ಲಿ ಲಕ್ಷ ಕೋಟಿಯಾಗಿತ್ತು; ಬ್ರಿಟನ್ನಿನ ಸರ್ಕಾರವು ೧೯೭೪ರಲ್ಲಿ ನೂರು ಕೋಟಿಯ ಅರ್ಥವನ್ನು ಅಂಗೀಕರಿಸಿತು. ಇದು ಅರ್ಬುದದ ಕಥೆಯ ಪುನರಾವೃತ್ತಿಯೇ ಸರಿ. ಭಾರತೀಯ ಭಾಷೆಗಳ ಪಠ್ಯಗಳಲ್ಲಿ ಬೀಜಗಣಿತದ ಒಂದು ರಚನೆಗೆ ಕ್ಷೇತ್ರವೆಂಬ ಹೆಸರು ಬಂದ ಮೇಲೆ, ಆಕೃತಿ, ಭೂಭಾಗಗಳೆಂಬ ಎರಡು ಹಳೆಯ ಅರ್ಥಗಳಿಗೆ ಮೂರನೆಯದೊಂದು ಸೇರಿತು.

ವ್ಯಕ್ತಿನಾಮಗಳಿಂದ ಬಂದ ಸಂಜ್ಞೆಗಳು ಚರಿತ್ರೆಯನ್ನೂ ಮರೆಸುತ್ತವೆ. ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿ ಮುಂದಿನದನ್ನು ಪಡೆಯುವ ಶ್ರೇಣಿಯು ಇಟಲಿಯ ಫಿಬೊನಾಚ್ಚಿಯ ಹೆಸರಿನಿಂದ ಪ್ರಸಿದ್ಧ. ಅವನ ಗ್ರಂಥದ ಕಾಲ ೧೨೦೨. ಮಾತ್ರಾವೃತ್ತಗಳ ಎಣಿಕೆಯಲ್ಲಿ ವಿರಹಾಂಕನೂ ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರೂ ಅದನ್ನು ಮೊದಲೇ ನಿರೂಪಿಸಿದ್ದರು.

ಸಂಪಾದಕನ ಕರ್ತವ್ಯ

ಎಲ್ಲ ಗ್ರಂಥಗಳ ಸಂಜ್ಞೆಗಳನ್ನೂ ಒಂದೇ ಅಚ್ಚಿಗೆ ತರುವುದು ಇದಕ್ಕೆ ಪರಿಹಾರವಲ್ಲ. ಹಾಗೆ ಮಾಡಿದರೆ ಗ್ರಂಥಕಾರನ ಒಪ್ಪಂದವನ್ನು ಮುರಿದಂತಾಗುತ್ತದೆ; ಪ್ರತಿಯ ಕಾಲ, ದೇಶ, ಪರಂಪರೆಗಳನ್ನು ಗುರುತಿಸುವ ಸಾಧನವೂ ನಾಶವಾಗುತ್ತದೆ. ಮೂಲದ ಹೆಸರನ್ನು ಇದ್ದಂತೆಯೇ ಉಳಿಸಿ, ಆ ಗ್ರಂಥದಲ್ಲಿ ಆ ಪ್ರಕರಣದಲ್ಲಿ ಅದರ ಮಾನವೇನೆಂಬುದನ್ನು ಬೇರೆಯಾಗಿ ಹೇಳುವುದೇ ಯುಕ್ತ. ಆಧುನಿಕ ಪರ್ಯಾಯವನ್ನು ಕೊಡುವಾಗಲೂ ಮಿತಿಯನ್ನು ಸೂಚಿಸಬೇಕು. ಅರ್ಧಚ್ಛೇದವನ್ನು ಎರಡರ ಆಧಾರದ ಲಾಗರಿದಮ್ ಎನ್ನುವುದು ತಿಳಿವಳಿಕೆಗೆ ಸಹಾಯಕ; ಆದರೆ ಎಣಿಕೆಯಿಂದ ಹುಟ್ಟಿದ ಸಂಜ್ಞೆಯನ್ನು ಕೋಷ್ಟಕದಿಂದ ಹುಟ್ಟಿದ ಸಂಜ್ಞೆಯೊಡನೆ ಪೂರ್ತಿಯಾಗಿ ಒಂದೆನ್ನುವುದು ಅತಿಶಯ.

ಎರಡನೆಯದಾಗಿ, ಅರ್ಥನಿರ್ಣಯಕ್ಕೆ ಲೆಕ್ಕವೇ ಪ್ರಮಾಣವಾಗಬೇಕು. ಪಣ್ಣಟ್ಠಿಯ ಅರ್ಧಚ್ಛೇದ ೧೬, ವರ್ಗಶಲಾಕೆ ೪. ಬಾದಾಲಕ್ಕೆ ೩೨ ಮತ್ತು ೫. ಏಕಟ್ಠಿಗೆ ೬೪ ಮತ್ತು ೬. ಈ ಮೂರು ಜೋಡಿಗಳನ್ನು ನೆನಪಿಟ್ಟವನು ತ್ರುಟಿತವಾದ ಗರಿಯಲ್ಲಿ ಒಂದು ಅಂಕವು ಉಳಿದಿದ್ದರೂ ಉಳಿದುದನ್ನು ನಿಶ್ಚಯಿಸಬಲ್ಲನು. ಲೆಕ್ಕವು ಕೂಡಿಬರದಿದ್ದಾಗ ಮೊದಲು ಸಂಶಯಪಡಬೇಕಾದುದು ತನ್ನ ಅರ್ಥವನ್ನು, ಆಮೇಲೆ ಲಿಪಿಕಾರನನ್ನು.

ಮೂರನೆಯದಾಗಿ, ಕನ್ನಡ ಟೀಕೆಗಳನ್ನು ಅಲಕ್ಷಿಸಬಾರದು. ಗೊಮ್ಮಟಸಾರಕ್ಕೆ ಕೇಶವವರ್ಣಿಯು ಶಕ ೧೨೮೧ರಲ್ಲಿ, ಎಂದರೆ ೧೩೫೯ರಲ್ಲಿ, ಬರೆದ ಜೀವತತ್ತ್ವಪ್ರದೀಪಿಕೆಯು ಕನ್ನಡದ್ದು. ಅದೇ ಹೆಸರಿನ ಸಂಸ್ಕೃತ ಟೀಕೆಯು ಅದನ್ನು ಅನುಸರಿಸಿದುದೆಂಬುದನ್ನು ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟರು. ಪಂಡಿತ ಟೋಡರಮಲ್ಲರ ಹಿಂದೀ ವ್ಯಾಖ್ಯಾನಕ್ಕೆ ಆ ಸಂಸ್ಕೃತ ಟೀಕೆಯೇ ಆಧಾರ. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ ಮೊದಲಾದ ಗ್ರಂಥಗಳಲ್ಲಿ ಶಾಸ್ತ್ರದ ಸಂಜ್ಞೆಗಳಿಗೆ ಕನ್ನಡ ನಾಡಿನ ವ್ಯವಹಾರದ ಉದಾಹರಣೆಗಳನ್ನು ಜೋಡಿಸಿದನು. ಸಂಜ್ಞೆಯ ಅರ್ಥವು ಮೂಲಸೂತ್ರದಿಂದ ಹೊಳೆಯದಿದ್ದಾಗ ಉದಾಹರಣೆಯ ಲೆಕ್ಕದಿಂದ ಹೊಳೆಯುವುದುಂಟು.

ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು; ೧೯೬೩ರಲ್ಲಿ ಎಲ್. ಸಿ. ಜೈನರ ಹಿಂದೀ ಆವೃತ್ತಿಯು ಸೊಲ್ಲಾಪುರದಿಂದಲೂ ೨೦೦೦ದಲ್ಲಿ ಪದ್ಮಾವತಮ್ಮನವರ ಕನ್ನಡ ಆವೃತ್ತಿಯು ಹೊಂಬುಜದಿಂದಲೂ ಹೊರಬಂದುವು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದ ಧವಲಾ ೧೯೩೯ರಿಂದ ಮೊದಲ್ಗೊಂಡು ಹದಿನಾರು ಸಂಪುಟಗಳಲ್ಲಿ ಅಚ್ಚಾಯಿತು. ಹೀಗೆ ಮೂಲವು ಕೈಗೆ ದೊರೆತಿರುವುದರಿಂದ, ಗ್ರಂಥ ಗ್ರಂಥಕ್ಕೂ ಬೇರೆಯಾಗಿ, ಅಧಿಕಾರಗಳ ಕ್ರಮದಲ್ಲಿ ಸಂಜ್ಞಾಕೋಶವನ್ನು ಸಿದ್ಧಪಡಿಸುವುದು ಇನ್ನು ಆಗಬೇಕಾದ ಕೆಲಸ. ಪದವೊಂದಕ್ಕೆ ಒಂದೇ ಅರ್ಥವನ್ನು ಕೊಡುವ ಕೋಶದಿಂದ ಇಲ್ಲಿ ಪ್ರಯೋಜನವಿಲ್ಲ. ಯಾರ ಅರ್ಬುದ, ಯಾವ ಪ್ರಕರಣದ ಕಲೆ, ಯಾವ ಅರ್ಥದ ಜೀವಾ ಎಂಬುದನ್ನು ಆಚಾರ್ಯರ ಹೆಸರಿನೊಡನೆ ಹೇಳುವ ಕೋಶ ಬೇಕು. ಕೊಬ್ಬರಿಯ ಪೇಟೆಯಲ್ಲಿ ಯಾವ ಮಣವೆಂದು ಕೇಳಿದ ವರ್ತಕನ ಎಚ್ಚರವು ಓಲೆಗರಿಯನ್ನು ಬಿಚ್ಚುವ ಪಂಡಿತನಿಗೂ ಅಷ್ಟೇ ಅವಶ್ಯಕವಾದುದು.